ಟೈಲರ್ ಮಾಸ್ಟರ್ ಫೋನು ಬದಲಿಸಿದ್ದು

ಮಾಸ್ಟರ್ ಅಳತೆ ತೆಗೆಯುವಾಗ ಜೋರಾಗಿ ಹೇಳಿಕೊಳ್ಳುತ್ತಾರೆ. ಟೇಪನ್ನು ಗಿರಾಕಿಯ ಬೆನ್ನಿಗೆ ಹಿಡಿದು, "ಉದ್ದ ಇಪ್ಪತ್ತೊಂಬತ್ತೂವರೆ. ಭುಜ ಹದಿನೆಂಟು. ಎದೆ ಮೂವತ್ತೆಂಟು, ಸ್ವಲ್ಪ ಸಡಿಲ," ಎಂದು ಯಾರಿಗೋ ಬರೆಸುವವರ ಹಾಗೆ ಬಿಡಿಬಿಡಿಯಾಗಿ ಹೇಳುತ್ತಾ ಹೋಗುತ್ತಾರೆ. ಅಂಗಡಿಯಲ್ಲಿ ಬರೆದುಕೊಳ್ಳುವವರು ಯಾರೂ ಇಲ್ಲ. ಬಟ್ಟೆ ಕತ್ತರಿಸುವ ಮೇಜಿನ ಪಕ್ಕ, ಕೋಟಿನ ಲೈನಿಂಗಿನಿಂದ ಹೊಲಿದ ಪುಟ್ಟ ಚೀಲದಲ್ಲಿ ಒಂದು ಹಳೆಯ ಫೋನು ಮೊಳೆಗೆ ನೇತುಬಿದ್ದಿರುತ್ತಿತ್ತು. ಕೇಳಿಸಿಕೊಂಡು ಇಟ್ಟುಕೊಳ್ಳುವುದು ಅದರ ಕೆಲಸ.

ಮೊದಲು ಆ ಕೆಲಸ ಹೆಂಡತಿಯದಾಗಿತ್ತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಗುಂಡಿ ತೂರುವ ಕಾಜಾ ಹೊಲಿಯುತ್ತಾ, ಗಂಡ ಅಳತೆ ಕೂಗಿದ ಕೂಡಲೇ ಸೂಜಿ ಚುಚ್ಚಿಟ್ಟು ಪೆನ್ಸಿಲ್ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷ ಕಾಜಾ ಹೊಲಿದ ಮೇಲೆ ಬಲಗೈ ಬೆರಳುಗಳು ಮರಗಟ್ಟತೊಡಗಿದವು. ಮಣಿಕಟ್ಟಿನ ನರ ಎಂದರು ವೈದ್ಯರು. ಸೂಜಿ ಬಿಟ್ಟರು, ಆಮೇಲೆ ಪೆನ್ಸಿಲೂ ಬಿಟ್ಟುಹೋಯಿತು. ಮಾಸ್ಟರ್‌ಗೆ ಎರಡೂ ಕೈಯಲ್ಲಿ ಟೇಪು, ಬರೆಯಲು ಕೈ ಬಿಡುವಿಲ್ಲ. ಆಗ ಮಗಳು ಫೋನಿನಲ್ಲಿ ಧ್ವನಿ ಮುದ್ರಿಸುವುದನ್ನು ತೋರಿಸಿಕೊಟ್ಟಳು. ಏಳು ವರ್ಷದಿಂದ ಹಾಗೇ ನಡೆದುಬಂದಿತ್ತು.

ಇಂಥ ಅಂಗಡಿ ಇನ್ನೂ ಬಾಗಿಲು ತೆರೆದಿರುವುದಕ್ಕೆ ಕಾರಣ ಒಂದೇ. ಇಲ್ಲಿ ಒಮ್ಮೆ ಅಳತೆ ಕೊಟ್ಟವರು ಮತ್ತೆ ಮೈ ಕೊಡಬೇಕಾಗಿಲ್ಲ. ಅದೇ ಬೀದಿಯಲ್ಲಿ ಸಿದ್ಧ ಉಡುಪಿನ ಎರಡು ದೊಡ್ಡ ಅಂಗಡಿಗಳಿವೆ. ಮಾಸ್ಟರ್ ಹತ್ತಿರ ಉಳಿದಿರುವವರು ಹಳಬರು. ಕೆಲವರು ಬೇರೆ ಊರು ಸೇರಿದ್ದಾರೆ, ಕೆಲವರಿಗೆ ಮೆಟ್ಟಿಲಿಳಿಯಲು ಆಗುವುದಿಲ್ಲ. ಬಟ್ಟೆ ಪಾರ್ಸೆಲ್ ಮಾಡಿ, "ಮಾಸ್ಟ್ರೇ, ಹಿಂದಿನ ಅಳತೆಗೇ ಹೊಲೀರಿ" ಎಂದು ಫೋನಿನಲ್ಲಿ ಒಂದು ಸಂದೇಶ ಹಾಕಿದರೆ ಮುಗಿಯಿತು. ಮಾಸ್ಟರ್ ಬಿಲ್ ಪುಸ್ತಕದಲ್ಲಿ ಗಿರಾಕಿಯ ಹೆಸರು ಹುಡುಕಿ, ಬಿಲ್ಲಿನ ತಾರೀಖು ನೋಡಿ, ಫೋನಿನಲ್ಲಿ ಆ ತಾರೀಖಿನ ಮುದ್ರಣ ಒತ್ತುತ್ತಾರೆ. ಏಳು ವರ್ಷದ ಹಿಂದಿನ ತಮ್ಮದೇ ದನಿ ಅಳತೆ ಹೇಳುತ್ತದೆ. ಕತ್ತರಿ ಓಡುತ್ತದೆ.

ಮುದ್ರಣದಲ್ಲಿ ಗಿರಾಕಿಯ ಹೆಸರು ಮಾತ್ರ ಇರುತ್ತಿರಲಿಲ್ಲ. "ಎದುರಿಗೆ ನಿಂತವರ ಹೆಸರನ್ನ ಅವರಿಗೇ ಕೂಗಿ ಹೇಳೋಕೆ ನಾನೇನು ಹಾಜರಿ ತಗೊಳ್ತಿದ್ದೀನಾ?" ಎನ್ನುತ್ತಿದ್ದರು. ಹೆಸರು ಬಿಲ್ಲಿನಲ್ಲಿತ್ತು, ತಾರೀಖು ಎರಡರಲ್ಲೂ ಇತ್ತು. ಅಷ್ಟು ಸಾಕಾಗಿತ್ತು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನ ಅಂಗಡಿಗೆ ಬಂದು ಊಟ ಮಾಡುತ್ತಾಳೆ. ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ ಹಳೆಯ ಫೋನನ್ನು ಚೀಲದಿಂದ ತೆಗೆದಳು. ಚಾರ್ಜರ್ ವೈರು ಕಳಚಿತು. ಪರದೆ ಕಪ್ಪಾಯಿತು.

"ಅಪ್ಪಾ, ಇದು ಫೋನಲ್ಲ. ಆಸ್ಪತ್ರೇಲಿ ನಳಿಗೆ ಹಾಕಿಸಿಕೊಂಡು ಮಲಗಿರೋ ಪೇಶೆಂಟು. ವೈರ್ ಕಿತ್ತರೆ ಹೋಗೇಬಿಡುತ್ತೆ."

"ಕೀಳು ಅಂತ ನಿನಗೆ ಹೇಳಿದ್ಯಾರು? ವಾಪಸ್ ಹಾಕು."

ವೈರು ಹಾಕಿದ ಮೇಲೆ ಪರದೆ ಬೆಳಗಿತು. ಅದರ ಮೇಲೊಂದು ಸೂಚನೆ ಕುಳಿತಿತ್ತು. ಗಿರಾಕಿಗಳ ಸಂದೇಶ ಬರುವ ಆ್ಯಪು ಈ ತಿಂಗಳ ಕೊನೆಯಿಂದ ಈ ಫೋನಿನಲ್ಲಿ ಕೆಲಸ ಮಾಡುವುದಿಲ್ಲವಂತೆ. ಮಗಳು ಅದನ್ನು ಎರಡು ಸಲ ಓದಿ ಹೇಳಿದಳು.

"ಯಾಕೆ? ನಾನೇನು ಮಾಡಿದೆ?"

"ನೀನೇನೂ ಮಾಡಿಲ್ಲಪ್ಪ. ಫೋನಿಗೆ ವಯಸ್ಸಾಯ್ತು ಅಷ್ಟೆ. ಮುಂದಿನ ವಾರ ಹೊಸ ಮಾಡೆಲ್ ಬಿಡುಗಡೆ ಆಗ್ತಿದೆ. ನಮ್ಮ ಅಂಗಡಿಯವರೆಲ್ಲ ಬುಕ್ ಮಾಡಿದ್ದಾರೆ. ನಿನಗೂ ಒಂದು ಮಾಡ್ತೀನಿ. ಮೂರು ಕ್ಯಾಮೆರಾ ಇದೆ."

"ನನಗೆ ಎರಡು ಕಣ್ಣಿಗೇ ಕೆಲಸ ಸಾಲದು."

ಸ್ಟೂಲಿನಿಂದ ಹೆಂಡತಿ ಬಾಯಿ ಹಾಕಿದರು. "ಸುಮ್ನೆ ಬಾಯಿ ನೋಯಿಸ್ಕೋಬೇಡ ಕಣೇ. ನಿಮ್ಮಪ್ಪ ಬೇಕಾದರೆ ನನ್ನ ಎಕ್ಸ್‌ಚೇಂಜಿಗೆ ಕೊಟ್ಟಾರು, ಆ ಫೋನು ಕೊಡಲ್ಲ."

"ನಿನ್ನ ಯಾರು ತಗೊಳ್ತಾರೆ? ಕೈ ರಿಪೇರಿಗೆ ಬಂದಿದೆ," ಎಂದರು ಮಾಸ್ಟರ್. ಮೂವರೂ ನಕ್ಕರು. ಆದರೆ ಆ ಸೂಚನೆಯ ವಿಷಯ ನಕ್ಕು ಮರೆಯುವಂಥದ್ದಾಗಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ದಾರಿ ಎರಡೂ ಕಡೆ ಮುಚ್ಚಿತ್ತು. ಹೊಸ ಫೋನು ಬೇಡವೆಂದರೆ ಗಿರಾಕಿಗಳ ಸಂದೇಶ ನಿಲ್ಲುತ್ತದೆ. ಬೇಕೆಂದರೆ ಎರಡು ಸಾವಿರಕ್ಕೂ ಮೀರಿದ ಅಳತೆಗಳನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಬೇಕು. ಬಟ್ಟೆಯಾಗಿದ್ದರೆ ಹೇಗೆ ಮಡಚಿ ಹೇಗೆ ಕಟ್ಟಬೇಕೆಂದು ಅವರಿಗೆ ಗೊತ್ತಿತ್ತು. ಇದು ಕೈಗೆ ಸಿಗದ ಸಾಮಾನು.

ಮರುದಿನ ಬೀದಿಯ ತುದಿಯಲ್ಲಿರುವ ಫೋನ್ ರಿಪೇರಿಯವನ ಹತ್ತಿರ ಹೋದರು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತನಾಡಿದ.

"ಮಾಸ್ಟ್ರೇ, ಇದೇನು ದೊಡ್ಡ ವಿಷಯ? ಈ ಪಾತ್ರೆಯಿಂದ ಆ ಪಾತ್ರೆಗೆ ನೀರು ಹುಯ್ದ ಹಾಗೆ. ಅರ್ಧ ಗಂಟೆ."

"ಧ್ವನಿ ಬರುತ್ತಾ?"

"ಬರುತ್ತೆ."

"ಎಲ್ಲಾ ಬರುತ್ತಾ? ಒಂದೂ ಚೆಲ್ಲಲ್ವಾ?"

"ಒಂದೂ ಚೆಲ್ಲಲ್ಲ. ನನ್ನ ಜವಾಬ್ದಾರಿ."

ಅವರು ಕೇಳಿದ್ದು ಇಷ್ಟೇ. ಧ್ವನಿಯೊಂದಿಗೆ ಅದರ ತಾರೀಖೂ ಬರುತ್ತದೆಯೇ ಎಂದು ಕೇಳಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಅವರ ಮಟ್ಟಿಗೆ ತಾರೀಖೆಂದರೆ ಅಂಗಿಗೆ ಕಾಲರಿದ್ದ ಹಾಗೆ. ಅಂಗಿ ಬಂದರೆ ಕಾಲರೂ ಬಂದೀತು.

ಮನೆಯಲ್ಲಿ ಹೆಂಡತಿ ಒಂದು ಉಪಾಯ ಹೇಳಿದರು. "ಎರಡೂ ಇಟ್ಕೊಳ್ಳೋಣ ರೀ. ಹೊಸದು ಮಾತಿಗೆ, ಹಳೇದು ಅಳತೆಗೆ. ಅದು ಗೋಡೇಲೇ ಇರಲಿ, ಅದರ ಪಾಡಿಗೆ."

ಮಾಸ್ಟರ್ ತಲೆ ತಗ್ಗಿಸಿ ಯೋಚಿಸಿದರು. ಇಷ್ಟು ಸುಲಭವಾದದ್ದು ತಮಗೇಕೆ ತೋಚಲಿಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು, ಬಹಳ ನೆಮ್ಮದಿಯೂ ಆಯಿತು. "ಹಾಗೇ ಮಾಡೋಣ," ಎಂದರು. ತೀರ್ಮಾನ ಆದದ್ದು ಹಾಗೆ.

ಬಿಡುಗಡೆಯ ದಿನ ಬೆಳಗ್ಗೆ ಫೋನಿನ ಅಂಗಡಿಯ ಮುಂದೆ ಜನ ತಿರುವಿನವರೆಗೆ ನಿಂತಿದ್ದರು. ಮಗಳು ಕೆಲಸಕ್ಕೆ ಒಂದೂವರೆ ಗಂಟೆ ತಡವಾಗುವುದೆಂದು ಹೇಳಿ ಬಂದಿದ್ದಳು. ಹಳೆಯ ಫೋನು ದಾರಿಯಲ್ಲಿ ಸಾಯಬಾರದೆಂದು ರಿಪೇರಿಯವನಿಂದ ಒಂದು ಪವರ್ ಬ್ಯಾಂಕ್ ಎರವಲು ತಂದು, ಎರಡನ್ನೂ ಸೇರಿಸಿ ಟವೆಲ್ಲಿನಲ್ಲಿ ಸುತ್ತಿ ಮಾಸ್ಟರ್ ಎದೆಗೆ ಹಿಡಿದು ನಿಂತಿದ್ದರು.

"ಕೂಸು ಎತ್ಕೊಂಡ ಹಾಗೆ ನಿಂತಿದ್ದೀಯಲ್ಲಪ್ಪ. ಜನ ನೋಡ್ತಿದ್ದಾರೆ."

"ನೋಡಲಿ ಬಿಡು."

ಕೌಂಟರಿನ ಹುಡುಗಿ ಚುರುಕಾಗಿದ್ದಳು. ಎರಡು ಫೋನುಗಳನ್ನೂ ಅಕ್ಕಪಕ್ಕ ಮಲಗಿಸಿ ಏನೇನೋ ಒತ್ತಿದಳು. ಒಂದು ಗೆರೆ ನಿಧಾನವಾಗಿ ತುಂಬಿತು. "ಆಯ್ತು ಅಂಕಲ್. ಎಲ್ಲಾ ಬಂದಿದೆ, ನೋಡ್ಕೊಳ್ಳಿ. ಆಮೇಲೆ ಹಳೇದನ್ನ ಖಾಲಿ ಮಾಡಿ ನಾವು ತಗೊಳ್ತೀವಿ."

"ಹಳೇದು ನಾವೇ ಇಟ್ಕೊಳ್ತೀವಮ್ಮ."

ಹುಡುಗಿ ಪರದೆ ನೋಡಿದಳು. "ಎಕ್ಸ್‌ಚೇಂಜಲ್ಲಿ ಬುಕ್ ಆಗಿದೆ ಅಂಕಲ್. ಹಳೇದು ಕೊಡದಿದ್ರೆ ಈ ಬುಕಿಂಗ್ ಕ್ಯಾನ್ಸಲ್ ಮಾಡ್ಬೇಕಾಗುತ್ತೆ. ಹೊಸದಾಗಿ ಬುಕ್ ಮಾಡಿದ್ರೆ ಎರಡು ತಿಂಗಳು ಕಾಯ್ಬೇಕು."

ಮಗಳ ಮುಖ ಬಿಳುಚಿತು. ಬುಕ್ ಮಾಡುವಾಗ ಎಕ್ಸ್‌ಚೇಂಜ್ ಎಂದಿದ್ದ ಚೌಕದಲ್ಲಿ ಗುರುತು ಹಾಕಿದ್ದು ಅವಳೇ. ಆಗ ಅಮ್ಮನ ಉಪಾಯ ಇನ್ನೂ ಹುಟ್ಟಿರಲಿಲ್ಲ. "ಅಪ್ಪಾ, ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ. ಎರಡು ತಿಂಗಳು ಸಂದೇಶ ಇಲ್ದೆ ಹೇಗೆ? ಎಲ್ಲಾ ಬಂದಿದೆಯಲ್ಲ. ಒಂದು ಹಾಕಿ ಕೇಳು ಬೇಕಾದ್ರೆ."

ಹಿಂದಿದ್ದವನು, "ಸ್ವಲ್ಪ ಬೇಗ ಯಜಮಾನ್ರೇ," ಎಂದ. ಅವನ ಹಿಂದಿದ್ದವನು ಬರೀ ಉಸಿರು ಬಿಟ್ಟ.

ಮಾಸ್ಟರ್ ಹೊಸ ಫೋನಿನಲ್ಲಿ ಕೈಗೆ ಸಿಕ್ಕಿದ ಒಂದನ್ನು ಒತ್ತಿದರು. "ತೋಳು ಇಪ್ಪತ್ನಾಲ್ಕು. ಕಫ್ ಒಂಬತ್ತೂವರೆ," ಎಂದಿತು ಅವರದೇ ದನಿ, ಹಳೆಯದಕ್ಕಿಂತ ಸ್ಪಷ್ಟವಾಗಿ. ಹಿನ್ನೆಲೆಯಲ್ಲಿ ಮಿಷನ್ನಿನ ಪೆಡಲ್ ಸದ್ದೂ ಇತ್ತು. ಇನ್ನೊಂದು ಒತ್ತಿದರು. ಅದೂ ಅವರೇ. ಮೂರನೆಯದೂ ಅವರೇ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ತೃಪ್ತಿಪಡುವವರ ಹಾಗೆ ತಲೆದೂಗಿದರು.

ಹುಡುಗಿ ಹಳೆಯ ಫೋನನ್ನು ಅವರತ್ತ ತಿರುಗಿಸಿದಳು. "ಇದನ್ನ ನೀವೇ ಒತ್ಬೇಕು ಅಂಕಲ್. ನಾವು ಒತ್ತೋ ಹಾಗಿಲ್ಲ."

ಎಲ್ಲವನ್ನೂ ಅಳಿಸಬೇಕೇ ಎಂದು ಪರದೆ ಕೇಳುತ್ತಿತ್ತು. ಕತ್ತರಿ ಹಿಡಿದು ಗಟ್ಟಿಯಾದ ಹೆಬ್ಬೆರಳನ್ನು ಅದು ಮೊದಲ ಸಲ ಗುರುತಿಸಲಿಲ್ಲ. ಎರಡನೇ ಸಲವೂ ಇಲ್ಲ. ಮಾಸ್ಟರ್ ಬೆರಳನ್ನು ಅಂಗಿಗೆ ಒರೆಸಿಕೊಂಡು ಮೂರನೇ ಸಲ ಒತ್ತಿದರು. ಈ ಸಲ ಗುರುತಿಸಿತು.

ಮೂರು ದಿನ ಎಲ್ಲವೂ ಸರಿಯಾಗಿತ್ತು. ನಾಲ್ಕನೇ ದಿನ ಒಂದು ಪಾರ್ಸೆಲ್ ಬಂತು. ಬೂದು ಬಣ್ಣದ ಕೋಟಿನ ಬಟ್ಟೆ, ಮೂರು ಮೀಟರು. ಕಳಿಸಿದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಐದು ವರ್ಷದ ಗಿರಾಕಿ, ಈಗ ದೂರದ ಊರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹಳೆಯ ವಿದ್ಯಾರ್ಥಿಗಳು ಅವರ ಚಿತ್ರಗಳ ಪ್ರದರ್ಶನ ಇಡುತ್ತಿದ್ದಾರೆ. ಮುಂದಿನ ಶನಿವಾರ ಉದ್ಘಾಟನೆ. ಅವರ ಬಲಭುಜ ಎಡಕ್ಕಿಂತ ಇಳಿದಿದೆ. ಸಿದ್ಧ ಕೋಟು ಯಾವುದು ಹಾಕಿದರೂ ಒಂದು ಕಡೆ ಜೋತುಬೀಳುತ್ತದೆ. ಆ ಇಳಿತವನ್ನು ಬಟ್ಟೆಯೊಳಗೆ ಮುಚ್ಚಿ, ನೆಟ್ಟಗೆ ನಿಂತಂತೆ ಕಾಣಿಸಿದವರು ಮಾಸ್ಟರ್ ಒಬ್ಬರೇ.

ಬಿಲ್ ಪುಸ್ತಕದಲ್ಲಿ ಮೇಷ್ಟ್ರ ತಾರೀಖು ಕೂಡಲೇ ಸಿಕ್ಕಿತು. ಮಾಸ್ಟರ್ ಹೊಸ ಫೋನು ತೆಗೆದರು. ಪಟ್ಟಿ ಸರಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಸರಿಸಿದರು. ಎರಡು ಸಾವಿರ ಚಿಲ್ಲರೆ ಮುದ್ರಣಗಳಿಗೂ ಇದ್ದದ್ದು ಒಂದೇ ತಾರೀಖು, ಹೊಸ ಫೋನು ಕೊಂಡ ದಿನದ್ದು. ಮುದ್ರಣದ ಹೆಸರಿನ ಜಾಗದಲ್ಲಿ ಅಕ್ಷರ, ಅಂಕಿ ಕಲಸಿದ ಉದ್ದುದ್ದ ಸಾಲುಗಳು.

"ಇವಳೇ, ಇಲ್ಲಿ ಬಾ."

ಹೆಂಡತಿ ನೋಡಿದರು. ಮಗಳಿಗೆ ಕರೆ ಮಾಡಿದರು.

ಮಗಳು ಕೆಲಸ ಬಿಟ್ಟು ಓಡಿಬಂದಳು. ಫೋನಿನ ಅಂಗಡಿಗೆ ಕರೆ ಮಾಡಿದಳು. ಹಳೆಯ ಫೋನು ಗೋದಾಮಿಗೆ ಹೋಗಿದೆ, ಸಿಕ್ಕರೂ ಅದರಲ್ಲಿ ಏನೂ ಇಲ್ಲ ಎಂದರು. ರಿಪೇರಿಯವನು ಬಂದು ನೋಡಿ ಭೂತಗನ್ನಡಿ ಕಳಚಿದ. "ಧ್ವನಿ ಬರುತ್ತಾ ಅಂದ್ರಿ, ಬಂತು. ತಾರೀಖಿನ ಮೇಲೆ ನಿಮ್ಮ ವ್ಯಾಪಾರ ನಿಂತಿದೆ ಅಂತ ನನಗೇನು ಗೊತ್ತು ಮಾಸ್ಟ್ರೇ? ಒಂದೊಂದೇ ಕೇಳಿ ಗುರುತು ಹಿಡೀಬೇಕು. ಬೇರೆ ದಾರಿ ಇಲ್ಲ."

"ಅಪ್ಪಾ, ನಂದೇ ತಪ್ಪು," ಎಂದಳು ಮಗಳು.

"ಒತ್ತಿದ್ದು ನನ್ನ ಬೆರಳು," ಎಂದರು ಮಾಸ್ಟರ್. ಕೋಪ ಮಾಡಿಕೊಳ್ಳಲು ಎದುರಿಗೆ ಯಾರಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು. ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ತಮಗೆ ಗೊತ್ತಿದ್ದಷ್ಟನ್ನು ಸರಿಯಾಗಿಯೇ ಹೇಳಿದ್ದರು.

ಗಂಡ ಹೆಂಡತಿ ಕೇಳಲು ಕೂತರು. ಹೆಂಡತಿ ಎಡಗೈಯಿಂದ ಒತ್ತುವುದು, ಮಾಸ್ಟರ್ ಕಣ್ಣು ಮುಚ್ಚಿ ಆಲಿಸುವುದು. ಎದೆ ನಲವತ್ತು. ಎದೆ ಮೂವತ್ತಾರು. ಕೆಲವರ ಹೊಟ್ಟೆಯ ಸುತ್ತಳತೆಯಿಂದ ಆಳು ನೆನಪಾಗುತ್ತಿತ್ತು. ಹೆಚ್ಚಿನವು ಬರೀ ಅಂಕಿಗಳು. ಡ್ರಾಯಿಂಗ್ ಮೇಷ್ಟ್ರದು ಮಾತ್ರ ಸಿಕ್ಕೀತೆಂಬ ಆಸೆ ಇತ್ತು, ಏಕೆಂದರೆ ಎದೆಗೆ ಟೇಪು ಹಿಡಿದ ಕೂಡಲೇ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಪ್ರತಿ ಸಲವೂ "ಉಸಿರು ಬಿಡಿ ಸಾರ್" ಅನ್ನಲೇಬೇಕಾಗುತ್ತಿತ್ತು.

ಎರಡನೇ ದಿನದ ಮಧ್ಯಾಹ್ನ, ಮುನ್ನೂರು ದಾಟಿದ ಮೇಲೆ, ಫೋನು ಹೇಳಿತು: "ಉಸಿರು ಬಿಡಿ ಸಾರ್."

ಹೆಂಡತಿ ಗಂಡನ ಮೊಣಕಾಲು ಹಿಡಿದುಕೊಂಡರು. ಫೋನಿನೊಳಗೆ ಮೇಷ್ಟ್ರು ನಕ್ಕರು. ಟೇಪು ಸರಿದ ಸದ್ದು. ಆಮೇಲೆ ಮಾಸ್ಟರ್ ದನಿ: "ಎಲ್ಲಾ ಹೋದ ಸಲದ್ದೇ. ಭುಜವೂ ಅದೇ. ಸೊಂಟ ಮಾತ್ರ ಒಂದಿಂಚು ಕಡಿಮೆ." ಅಲ್ಲಿಗೆ ಮುಗಿಯಿತು.

"ಹೋದ ಸಲದ್ದು ಎಷ್ಟು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದರು ಹೆಂಡತಿ.

"ಆಗ ಹೋದ ಸಲದ್ದೂ ತಾರೀಖು ನೋಡಿದ್ರೆ ಸಿಕ್ತಿತ್ತಲ್ಲ."

ಆ ಹೋದ ಸಲದ್ದು ಉಳಿದ ಸಾವಿರದೇಳುನೂರರಲ್ಲಿ ಎಲ್ಲೋ ಇತ್ತು, ಶುಕ್ರವಾರದೊಳಗೆ ಸಿಗುವ ಭರವಸೆ ಇರಲಿಲ್ಲ. ಮೇಷ್ಟ್ರಿಗೆ ಕರೆ ಮಾಡುವುದೊಂದೇ ಉಳಿದಿತ್ತು. ಅಲ್ಲೇ ಯಾರಿಂದಲಾದರೂ ಅಳತೆ ತೆಗೆಸಿ ಕಳಿಸಿ ಎಂದು ಕೇಳಬೇಕು. ಮಾಸ್ಟರ್ ಹೇಳಬೇಕಾದ ಮಾತನ್ನು ಎರಡು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡು ಒತ್ತಿದರು.

"ಏನಯ್ಯ, ಬಟ್ಟೆ ತಲುಪಿತಾ?" ಮೇಷ್ಟ್ರ ದನಿ ಮೊದಲಿಗಿಂತ ತೆಳುವಾಗಿತ್ತು. "ನಮ್ಮ ತಂಗಿ ಇಲ್ಲಿ ಒಬ್ಬ ದರ್ಜಿ ಹತ್ರ ಕರ್ಕೊಂಡು ಹೋಗಿದ್ಲು. ಆ ಹುಡುಗ ನನ್ನ ಭುಜ ನೋಡಿ, 'ತಾತಾ, ನೆಟ್ಟಗೆ ನಿಲ್ಲಿ' ಅಂದ. ನಿಂತೇ ಇದ್ದೀನಪ್ಪಾ ಅಂದೆ. ಬಟ್ಟೆ ಸುತ್ಕೊಂಡು ಹೊರಟು ಬಂದ್ಬಿಟ್ಟೆ. ನನ್ನ ಅಳತೆ ನಿನ್ನ ಹತ್ರ ಇದೆಯಲ್ಲ, ಅದೇ ಧೈರ್ಯ. ಇದೆ ತಾನೇ?"

"ಇದೆ ಸಾರ್," ಎಂದರು ಮಾಸ್ಟರ್.

"ಶುಕ್ರವಾರಕ್ಕೆ ಬರುತ್ತಾ?"

"ಬರುತ್ತೆ ಸಾರ್."

ಹೆಂಡತಿ ಅವರನ್ನೇ ನೋಡುತ್ತಿದ್ದರು. ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಾಸ್ಟರ್ ಬೂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸುಕ್ಕು ಸರಿಮಾಡಿ, ಸೀಮೆಸುಣ್ಣ ಕೈಗೆತ್ತಿಕೊಂಡರು. ಮೊದಲ ಗೆರೆ ಭುಜದ್ದು. ಬಲಗಡೆ ಇಳಿತ ಮುಕ್ಕಾಲು ಇಂಚೇ, ಒಂದೇ, ಒಂದೂಕಾಲೇ? ಟೇಪು ಕೊರಳಲ್ಲೇ ಇತ್ತು.

"ಮುಂದಿಂದು ಹಾಕು," ಎಂದರು.

ಹೆಂಡತಿ ಎಡಗೈ ಬೆರಳಿಂದ ಒತ್ತಿದರು. "ಉದ್ದ ಇಪ್ಪತ್ತೆಂಟು," ಎಂದಿತು ಫೋನು. "ಭುಜ ಹದಿನೇಳೂವರೆ."

"ಇದ್ಯಾರು?" ಎಂದರು ಹೆಂಡತಿ.

"ಗೊತ್ತಿಲ್ಲ. ಮುಂದಿಂದು."