ಗೌರಕ್ಕನ ಎಂಟು ಗಂಟು

ಮನುಷ್ಯನ ನೀತಿಯೆಲ್ಲ ಅವನು ಏನನ್ನು ಎಣಿಸುತ್ತಾನೆ ಎಂಬುದರ ಮೇಲೆ ನಿಂತಿದೆ. ಈ ಮಹಾಸತ್ಯ ನನಗೆ ದೊರೆತದ್ದು ತಪಸ್ಸಿನಿಂದಲ್ಲ, ಎರಡಾಣೆಯ ಪೆಪ್ಪರಮಿಂಟಿನಿಂದ. ಅದೂ ಕದ್ದ ಎರಡಾಣೆ.

ಐವತ್ತರ ದಶಕದ ಮಾತು. ಹೊಸನಗರದಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಆಗ ಭತ್ತದ ಕೊಯ್ಲಿಗೆ ಯಾರೂ ಯಾರಿಗೂ ಕೂಲಿ ಕೊಡುತ್ತಿರಲಿಲ್ಲ. ಮುಯ್ಯಾಳು ನಡೆಯುತ್ತಿತ್ತು. ನಮ್ಮ ಗದ್ದೆಯಲ್ಲಿ ನೀವೊಂದು ಹಗಲು ದುಡಿದರೆ ನಿಮ್ಮ ಗದ್ದೆಯಲ್ಲಿ ನಾವೊಂದು ಹಗಲು. ಬಾಗಿಲ ಪಕ್ಕದ ಗೂಟದಲ್ಲಿ ಒಂದೊಂದು ಮನೆಯ ಹೆಸರಿಗೆ ಒಂದೊಂದು ಬಾಳೆನಾರು ತೂಗುತ್ತಿತ್ತು. ಅವರು ಬಂದ ಹಗಲಿಗೊಂದು ಗಂಟು, ನಾವು ತೀರಿಸಿದಾಗ ಬಿಚ್ಚುವುದು. ಅಪ್ಪಯ್ಯ ದೇವರ ಪಟಕ್ಕೆ ಕೈಮುಗಿಯುವುದನ್ನು ಮರೆತಾನು, ಗೂಟದ ಮೇಲೆ ಕಣ್ಣಾಡಿಸುವುದನ್ನು ಮರೆಯುತ್ತಿರಲಿಲ್ಲ.

ಒಂದು ಸಲ ನಾನು ಆಟಕ್ಕೆಂದು ಗೌರಕ್ಕನ ನಾರಿನ ಗಂಟೊಂದನ್ನು ಬಿಚ್ಚಿಬಿಟ್ಟೆ. ಗೌರಕ್ಕ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗೇಣಿ ಗದ್ದೆ ಮಾಡುತ್ತಿದ್ದಳು. ಅಪ್ಪಯ್ಯ ನನ್ನ ಕಿವಿ ಹಿಡಿದು ಅವಳ ಅಂಗಳದಲ್ಲಿ ನಿಲ್ಲಿಸಿದ.

“ನನ್ನ ಒಂದು ಹಗಲನ್ನೇ ನುಂಗಿದ್ಯೇನೇ ಪೋರಿ?” ಗೌರಕ್ಕ ನಕ್ಕಳು. “ಹೋಗ್ಲಿ ಬಿಡು ಈರಣ್ಣ, ಮಗು.”

“ಮಗು ಆದ್ರೆಂತ? ಹೋದ ಹಗಲನ್ನ ಇವ್ಳು ಹೆತ್ತು ಕೊಡ್ತಾಳಾ?”

ಹೆರುವ ವಯಸ್ಸಲ್ಲವಾದ್ದರಿಂದ ಒಂದಿಡೀ ಹಗಲು ಅವಳ ಕೊಟ್ಟಿಗೆಯ ಸಗಣಿ ಬಾಚಿದೆ. ಸಂಜೆ ಅವಳು ಬಿಸಿ ಕಡುಬು, ಬೆಲ್ಲ ಕೊಟ್ಟಳು. ಎಷ್ಟು ತೊಳೆದರೂ ಸಗಣಿ ವಾಸನೆ ಬಿಡದ ಕೈಯಲ್ಲೇ ತಿಂದೆ. ಹೀಗೆ ಧರ್ಮ ಸಂಸ್ಥಾಪನೆಯಾಯಿತು.

ಅದು ಒಂದು ವರ್ಷ ಬಾಳಿತು. ಮರುವರ್ಷದ ಸುಗ್ಗಿಗೆ ರಸ್ತೆ ಮಾಡಿಸುವ ಕಂಟ್ರಾಕ್ಟರೊಬ್ಬ ಬಂದ. ಜಲ್ಲಿ ಒಡೆದರೆ ದಿನಕ್ಕೆ ಒಂದೂವರೆ ರೂಪಾಯಿ! ಅಷ್ಟರಲ್ಲಿ ಗೌರಕ್ಕ ನಮ್ಮ ಕೊಯ್ಲು ಮುಗಿಸಿಕೊಟ್ಟಿದ್ದಳು. ಅವಳ ನಾರಿನಲ್ಲಿ ಎಂಟು ಗಂಟು. ಅವಳದು ತಗ್ಗಿನ ಗದ್ದೆ, ಬೆಳೆ ಹಣ್ಣಾಗುವುದು ತಡ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತಳು.

“ನಾಳೆ ಬರ್ತೀಯಾ ಈರಣ್ಣ? ಕಾಳು ಉದುರ್ತಾ ಇದೆ. ಮೋಡ ಬೇರೆ ಕಟ್ಟಿದೆ.”

“ಬರ್ತೀನಿ ಬರ್ತೀನಿ,” ಎಂದ ಅಪ್ಪಯ್ಯ. ಗೂಟದ ಕಡೆ ನೋಡಲಿಲ್ಲ.

ಬೆಳಿಗ್ಗೆ ಎದ್ದವನು ಬೆರಳು ಮಡಿಸಿದ. ಹೆಣ್ಣಾಳಿಗೆ ಹನ್ನೆರಡಾಣೆಯಂತೆ ಎಂಟು ಹಗಲಿಗೆ ಆರು ರೂಪಾಯಿ. ರಸ್ತೆಯಲ್ಲಾದರೆ ಅದೇ ಎಂಟು ಹಗಲಿಗೆ ಹನ್ನೆರಡು. ಆರು ರೂಪಾಯಿಯ ಚಿಲ್ಲರೆಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟ.

“ಗೌರಕ್ಕಂಗೆ ಕೊಟ್ಟು ಬಾ. ಮುಯ್ಯಿ ತೀರ್ತು ಅಂತ ಹೇಳು. ಇದ್ರಲ್ಲಿ ಯಾರಿಗೂ ಮೋಸ ಇಲ್ಲ.”

ಮೋಸವಿಲ್ಲವೆಂದು ಅವನು ನಿಜಕ್ಕೂ ನಂಬಿದ್ದ. ನಾರನ್ನು ಗೂಟದಿಂದ ಕಿತ್ತು ಒಲೆಗೆ ಹಾಕಿದ.

ಗೌರಕ್ಕ ಆಗಲೇ ಗದ್ದೆಗಿಳಿದಿದ್ದಳು. ಗದ್ದೆಯ ದಾರಿಯಲ್ಲಿ ಅಂಗಡಿಯಿತ್ತು. ಪೊಟ್ಟಣ ಬಿಚ್ಚಿ ಎರಡಾಣೆ ತೆಗೆದೆ. ಸಗಣಿ ಬಾಚಿದಂದಿನಿಂದ ಆ ನಾರನ್ನು ಮುಟ್ಟಲೂ ಹೆದರುತ್ತಿದ್ದ ಕೈ ಈಗ ಸಲೀಸಾಗಿ ಪೆಪ್ಪರಮಿಂಟು ಕೊಂಡಿತು. ನಾರಿನ ಗಂಟಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬಗ್ಗಿದ ಗೌರಕ್ಕ ಕಾಣುತ್ತಿದ್ದಳು. ಇದು ಬರೀ ದುಡ್ಡು. ಪೆಪ್ಪರಮಿಂಟು ನಾಲಿಗೆಯ ಮೇಲೆ ತಣ್ಣಗೆ ಕರಗುತ್ತಿರುವಾಗಲೇ ಪೊಟ್ಟಣ ಅವಳ ಕೈಗೆ ಕೊಟ್ಟು, “ಮುಯ್ಯಿ ತೀರ್ತಂತೆ” ಎಂದೆ.

ಅವಳು ಎಣಿಸಲಿಲ್ಲ.

“ಇದನ್ನ ತಗಂಡು ನಾನೆಂತ ಮಾಡ್ಲೇ? ಇದು ಕತ್ತಿ ಹಿಡೀತದಾ?”

ಆ ದುಡ್ಡು ಹಿಡಿದುಕೊಂಡೇ ಆಳು ಹುಡುಕಿ ಮನೆಮನೆ ಸುತ್ತಿದಳು. ಊರೆಲ್ಲ ರಸ್ತೆಯಲ್ಲಿತ್ತು. ನಾಲ್ಕು ದಿನ ಒಬ್ಬಳೇ ಕೊಯ್ದಳು. ಐದನೆಯ ದಿನ ಹಿಡಿದ ಅಕಾಲದ ಮಳೆ ಮೂರು ದಿನ ಬಿಡಲಿಲ್ಲ. ತೆನೆಯಲ್ಲೇ ಭತ್ತ ಮೊಳಕೆಯೊಡೆಯಿತು.

ಅಪ್ಪಯ್ಯ ಕಡೆಯವರೆಗೂ ಊರಿನ ಪ್ರಾಮಾಣಿಕ ಮನುಷ್ಯನೆಂದೇ ಹೆಸರು ಪಡೆದಿದ್ದ. ನಾನೂ ಎರಡಾಣೆಯ ವಿಷಯ ಯಾರಿಗೂ ಹೇಳಲಿಲ್ಲ. ಗೂಟಕ್ಕೆ ಮತ್ತೆ ನಾರು ಬರಲಿಲ್ಲ. ಈಗ ನಾನು ಯಾರಿಗೂ ಒಂದು ಹಗಲು ಕೊಡಬೇಕಾಗಿಲ್ಲ, ನನಗೂ ಯಾರೂ ಕೊಡಬೇಕಾಗಿಲ್ಲ. ಎಲ್ಲ ಚುಕ್ತಾ.

ಗೌರಕ್ಕ ಆ ವರ್ಷದ ಗೇಣಿ ಅಳೆಯಲಾಗದೆ ಗದ್ದೆ ಬಿಟ್ಟು ಆನಂದಪುರದ ತಂಗಿಯ ಮನೆಗೆ ಹೋದಳು. ಮರುವರ್ಷ ಒಡೆಯರು ಆ ಗದ್ದೆಯನ್ನು ನಮಗೇ ಗೇಣಿಗೆ ಕೊಟ್ಟರು.