ಕುಳ್ಳನನ್ನು ಕೂರಿಸಿದ ವಾರ

ನನ್ನ ಕಸುಬು ಕಾಯಿ ಸುಲಿಯುವುದು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ನಾನು ಕಾಲಿಡದ ತೋಟ ಕಡಿಮೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಂದಿನಿಂದ ಇಂದಿನವರೆಗೆ ಯಾವ ತೋಟದವನ ಬಾಯಲ್ಲೂ ಕೈಲಾಗದವನು ಅನ್ನಿಸಿಕೊಂಡಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮೂರು ಸಲ ತಿರುಚಿದರೆ ಮಟ್ಟೆ ಬೇರೆ, ಕಾಯಿ ಬೇರೆ. ಈಗ ಟ್ರ್ಯಾಕ್ಟರಿಗೆ ಹೂಡುವ ಸುಲಿಯುವ ಮಿಷನ್ನೂ ಇದೆ, ಜೊತೆಗೆ ಐದಾರು ಜನ ಆಳುಗಳಿದ್ದಾರೆ. ಇಷ್ಟು ಹೇಳಿ ಇನ್ನೊಂದು ಮಾತು ಸೇರಿಸಿದರೆ ಜನ ನಗುತ್ತಾರೆ, ಆದರೂ ಸೇರಿಸುತ್ತೇನೆ: ನಾನು ಭಾರತ ಬಾಸ್ಕೆಟ್‌ಬಾಲ್ ತಂಡದ ಮ್ಯಾನೇಜರು.

ನಿಜವಾದ ತಂಡವಲ್ಲ, ಫೋನಿನಲ್ಲಿ ಆಡುವ ಆಟದ ತಂಡ. ಎಷ್ಟೋ ದೇಶದ ಜನ ಅದರಲ್ಲಿ ತಲೆಗೊಂದು ಕ್ಲಬ್ ಇಟ್ಟುಕೊಂಡಿದ್ದಾರೆ. ಆಟಗಾರರನ್ನು ಕಂಪ್ಯೂಟರೇ ಹುಟ್ಟಿಸುತ್ತದೆ. ಹೆಸರು, ಎತ್ತರ, ವಯಸ್ಸು, ಯಾವುದರಲ್ಲಿ ಎಷ್ಟು ಚುರುಕು ಅನ್ನುವ ಲೆಕ್ಕ, ಇಷ್ಟೇ ಅವರ ಮೈ. ಅವರನ್ನು ಪಳಗಿಸುವುದು, ಯಾರು ಎಷ್ಟು ಹೊತ್ತು ಆಡಬೇಕು ಅಂತ ಮೊದಲೇ ಗೊತ್ತುಮಾಡಿಡುವುದು ನಮ್ಮ ಕೆಲಸ. ಮ್ಯಾಚು ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ಯಾರು ಹಾಕಿದ, ಯಾರು ತಪ್ಪಿದ ಅಂತ ಒಂದೊಂದೇ ಸಾಲು ಪರದೆಯ ಮೇಲೆ ಬರುತ್ತದೆ. ದೇಶದ ತಂಡವನ್ನು ಎಲ್ಲ ಕ್ಲಬ್ಬುಗಳಿಂದ ಆರಿಸಿ ಕಟ್ಟಬೇಕು. ಕಟ್ಟುವವನನ್ನು ಆ ದೇಶದ ಕ್ಲಬ್ಬಿನವರೇ ಓಟು ಹಾಕಿ ಕೂರಿಸುತ್ತಾರೆ. ನಿಜವಾದ ಬಾಸ್ಕೆಟ್‌ಬಾಲನ್ನು ನಾನು ಇವತ್ತಿನ ತನಕ ಕೈಯಲ್ಲಿ ಹಿಡಿದಿಲ್ಲ. ನನ್ನ ಕೈಗೆ ಗೊತ್ತಿರುವ ಉರುಟಾದ ವಸ್ತು ಒಂದೇ.

ಈ ಹುಚ್ಚು ಹತ್ತಿಸಿದವನು ಚಿಕ್ಕನಾಯಕನಹಳ್ಳಿಯ ಮೆಕ್ಯಾನಿಕ್. ನಾನು ಭಾಯ್ ಅನ್ನುತ್ತೇನೆ, ಅವನು ನನ್ನನ್ನು ಕೋಪ ಬಂದಾಗ ಮಾತ್ರ ಮ್ಯಾನೇಜರ್ರೇ ಅನ್ನುತ್ತಾನೆ. ಒಂದು ಸಲ ಮಿಷನ್ನಿನ ಗೇರು ಮುರಿದು ಅವನ ಶೆಡ್ಡಿಗೆ ಹೋಗಿದ್ದೆ. ಅವನು ಗ್ರೀಸ್ ಮೆತ್ತಿದ ಹೆಬ್ಬೆರಳನ್ನು ಮಡಚಿ, ಕಿರುಬೆರಳಿನಲ್ಲಿ ಫೋನು ಒತ್ತುತ್ತಾ ಕೂತಿದ್ದ.

“ಏನ್ ಭಾಯ್, ಗಿರಾಕಿ ಬಂದು ನಿಂತವ್ನೆ, ನೀನು ಫೋನ್ ಕುಟ್ಕಂಡು ಕೂತಿದೀಯ?”

“ತಡಿಯಪ್ಪ, ನನ್ ಕುಳ್ಳ ಫ್ರೀ ಥ್ರೋ ಹಾಕ್ತಾವ್ನೆ.”

“ಯಾವ ಕುಳ್ಳ?”

“ನನ್ ಟೀಮಿನೋನು. ಒಳಗ್ ಬಾ, ತೋರುಸ್ತೀನಿ. ನಿನ್ ಗೇರು ಎಲ್ಲೂ ಓಡೋಗಲ್ಲ.”

ಗೇರು ರಿಪೇರಿಯಾಗುವ ಹೊತ್ತಿಗೆ ನನ್ನದೂ ಒಂದು ಕ್ಲಬ್ ಆಗಿತ್ತು. ಕೆಲವು ವರ್ಷ ಕಳೆಯುವುದರೊಳಗೆ ಇಬ್ಬರೂ ದೇಶದ ಮೇಲಿನ ಲೀಗಿನಲ್ಲಿದ್ದೆವು. ಅವನ ಬಲ ಕುಳ್ಳ, ಚೆಂಡು ಹಿಡಿದು ಆಟ ನಡೆಸುವವನು. ನನ್ನ ಬಲ ಉದ್ದ, ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್. ಹದಿನೆಂಟು ವಯಸ್ಸಿನ ಕಡ್ಡಿಯಂಥವನನ್ನು ತಂದು ಎಂಟು ಸೀಸನ್ ಸಾಕಿದ್ದೆ. ಆಟದ ಮಾತುಕತೆ ನಡೆಯುವುದು ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವವಳು, ನನ್ನ ಮಾತನ್ನು ಬರೆದು ಹಾಕುವವಳು ನನ್ನ ಹೆಂಡತಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಾಳೆ.

“ನಿಮ್ ಉದ್ದನೋನ್ಗೆ ದಿನಾ ಮುದ್ದೆ ತೊಳಸೋ ಹಂಗಿದ್ದಿದ್ರೆ ನಾನು ಆಗ್ಲೇ ತವ್ರಿಗೆ ಹೋಗಿರ್ತಿದ್ದೆ ಕಣ್ರೀ,” ಅನ್ನುತ್ತಾಳೆ. ಆದರೂ ಅವನು ಎಷ್ಟು ಹಾಕಿದ ಅಂತ ನನಗಿಂತ ಮೊದಲು ನೋಡುವವಳು ಅವಳೇ.

ಈ ಆಟದಲ್ಲಿ ಹದ ಅಂತ ಒಂದಿದೆ. ಇಂಗ್ಲಿಷಿನಲ್ಲಿ ಏನೋ ಹೆಸರಿದೆ, ನಾನೂ ಭಾಯಿಯೂ ಅದಕ್ಕೆ ಹದ ಅಂತಲೇ ಅನ್ನುವುದು. ಆಟಗಾರ ವಾರಕ್ಕೆ ಒಂದು ಗಂಟೆ ಆಡಿದರೆ ಮೈ ಹದದಲ್ಲಿರುತ್ತದೆ. ಜಾಸ್ತಿ ಆಡಿಸಿದರೂ ಕೆಟ್ಟಿತು, ಆಡಿಸದೆ ಕೂರಿಸಿದರೂ ಕೆಟ್ಟಿತು. ರಾಗಿ ಹೊಲ ಉಳುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆಟಗಾರ ಇರುವುದು ಅವನ ಕ್ಲಬ್ಬಿನಲ್ಲಿ, ಅವನನ್ನು ಆಡಿಸುವವನು ಆ ಕ್ಲಬ್ಬಿನವನು. ದೇಶದ ಮ್ಯಾಚಿನ ವಾರ ‘ಸ್ವಾಮೀ, ನಿಮ್ಮವನನ್ನು ಸ್ವಲ್ಪ ಕೂರಿಸಿ’ ಅಂತ ಮ್ಯಾನೇಜರು ಕೇಳಿಕೊಳ್ಳಬೇಕು. ಹುಕುಂ ಮಾಡುವ ಅಧಿಕಾರ ಇಲ್ಲ. ಅವನ ಕೈಯಲ್ಲಿರುವುದು ಕೇಳುವ ಬಾಯಿ ಒಂದೇ.

ನನಗಿಂತ ಮುಂಚೆ ಇದ್ದ ಮ್ಯಾನೇಜರುಗಳು ಚೆನ್ನಾಗಿ ಓದಿದವರು. ದೇಶದ ಗೌರವ ಅಂತ ಉದ್ದುದ್ದ ಬರೆದು ಹಾಕುತ್ತಿದ್ದರು, ಯಾರೂ ಕೂರಿಸುತ್ತಿರಲಿಲ್ಲ. ಚುನಾವಣೆಗೆ ನಿಂತಾಗ ನಾನು ಮುಯ್ಯಾಳಿನ ವಿಷಯ ಬರೆಸಿದೆ. ನಮ್ಮಲ್ಲಿ ಇವತ್ತು ನೀನು ನನ್ನ ಹೊಲದ ಕಳೆಗೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಚೀಟಿ ಇಲ್ಲ, ಆದರೆ ತಪ್ಪಿಸುವ ಹಾಗಿಲ್ಲ. ನಮ್ಮವ್ವ ಜ್ವರ ಬಂದಾಗಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಮುಯ್ಯಿಗೆ ಹೋಗಿದ್ದು ನನಗೆ ನೆನಪಿದೆ. “ಮುಯ್ಯಿ ಉಳುಸ್ಕಂಡೋರ್ ಹೊಲುಕ್ಕೆ ಮತ್ತೆ ಯಾರ್ ಬತ್ತಾರ್ಲಾ?” ಅಂದಿದ್ದಳು. ಅದೇ ಲೆಕ್ಕ ನಾನು ಇಲ್ಲಿ ಹೇಳಿದೆ: ನೀವು ನಿಮ್ಮ ಆಟಗಾರನನ್ನು ದೇಶಕ್ಕಾಗಿ ಕೂರಿಸಿ. ಬದಲಿಗೆ ನಿಮ್ಮ ಮುಂದಿನ ಎದುರಾಳಿಯ ಹತ್ತು ಮ್ಯಾಚು ನಾನು ಕೂತು ಓದಿ, ಅವನ ಬಲ ಯಾವುದು, ಹುಳುಕು ಯಾವುದು ಅಂತ ಬರೆದುಕೊಡುತ್ತೇನೆ.

ಗೆದ್ದೆ. ಮೈಮುರಿದು ಮಾಡಿದೆ. ಮಧ್ಯಾಹ್ನ ಆಳುಗಳು ಉಂಡು ಒರಗಿದಾಗ ನಾನು ಮಟ್ಟೆ ರಾಶಿಯ ಮೇಲೆ ಕೂತು ಯಾರದೋ ಮ್ಯಾಚು ಓದುತ್ತಿದ್ದೆ. ಜನ ತಮ್ಮವರನ್ನು ಕೂರಿಸಿದರು. ತಂಡ ಗೆಲ್ಲುತ್ತಾ ಹೋಯಿತು, ಇನ್ನೊಂದು ಗೆದ್ದರೆ ವಿಶ್ವಕಪ್ಪಿಗೆ ಹೋಗುತ್ತೇವೆ ಅನ್ನುವ ಮಟ್ಟಕ್ಕೆ ಬಂತು. ಆ ಮ್ಯಾಚು ಬಿದ್ದದ್ದು ಒಂದು ಶುಕ್ರವಾರ. ಅದೇ ವಾರದ ಮಂಗಳವಾರ ನಮ್ಮ ಲೀಗಿನ ಫೈನಲ್. ಫೈನಲ್ಲಿನಲ್ಲಿ ಎದುರುಬದುರು ನಿಂತವರು ನಾನು ಮತ್ತು ಭಾಯ್.

ದೇಶದ ತಂಡಕ್ಕೆ ಕುಳ್ಳನೂ ಬೇಕು, ಉದ್ದನೂ ಬೇಕು. ಇಬ್ಬರೂ ಫೈನಲ್ಲಿನಲ್ಲಿ ಕಾಲುಭಾಗ ಮಾತ್ರ ಆಡಬೇಕು. ಹಿಂದಿನ ದಿನ ಕೇಳಿಕೊಂಡಿದ್ದೆ. ಮಂಗಳವಾರ ಬೆಳಿಗ್ಗೆ ಭಾಯ್ ಫೋನು ಮಾಡಿದ.

“ಕೂರಿಸಿದೀನಿ ಕಣಪ್ಪ ಕುಳ್ಳನ್ನ. ಕರುಳು ಕಿತ್ ಬಂದಂಗಾಯ್ತು. ನೀನು?”

“ನಾನೂ ಕೂರುಸ್ತೀನಿ ಭಾಯ್.”

“ಸರಿ ಬುಡು, ಬೆಂಚಿನೋರ್ಗೂ ಬೆಂಚಿನೋರ್ಗೂ ಮ್ಯಾಚು. ನೋಡೋಕೆ ಮಜಾ ಇರ್ತದೆ.”

ಆವತ್ತು ಅಮ್ಮಸಂದ್ರದ ಹತ್ತಿರದ ಒಂದು ತೋಟದಲ್ಲಿ ಕೆಲಸ. ಉದ್ದನಿಗೆ ಹನ್ನೆರಡು ನಿಮಿಷ ಅಂತ ಬೆಳಿಗ್ಗೆಯೇ ಹಾಕಿದ್ದೆ. ಮ್ಯಾಚಿಗೆ ಒಂದು ಗಂಟೆ ಮುಂಚಿನ ತನಕ ಬದಲಾಯಿಸಬಹುದು. ಎಂಟು ಸೀಸನ್ನಿನಲ್ಲಿ ಮೂರು ಸಲ ಫೈನಲ್ಲಿಗೆ ಹೋಗಿ ಮೂರೂ ಸಲ ಸೋತವನು ನಾನು. ಆಟದವರು ನನ್ನ ಕ್ಲಬ್ಬಿಗೆ ಎರಡನೆಯವರು ಅಂತಲೇ ಹೆಸರಿಟ್ಟಿದ್ದರು. ಈಗ ಎದುರಿನವನ ಕುಳ್ಳ ಕೂತಿದ್ದಾನೆ. ಕೂರಿಸಿದವನು ನಾನೇ. ಇಂಥ ದಿನ ಮತ್ತೆ ಬರುತ್ತದಾ ಅಂತ ತಲೆಗೆ ಹೊಕ್ಕಿತು. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ, ಫೋನು ತೆಗೆದೆ, ಹನ್ನೆರಡನ್ನು ನಲವತ್ತೆಂಟು ಮಾಡಿದೆ. ಅಂದರೆ ಪೂರ್ತಿ ಮ್ಯಾಚು. ಫೋನು ಜೇಬಿಗಿಟ್ಟು ಮುಂದಿನ ಕಾಯಿ ಎತ್ತಿಕೊಂಡೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಗೆದ್ದೆ. ಕಪ್ಪು ಬಂತು. ಭಾಯ್ ಫೋನು ಮಾಡಲಿಲ್ಲ.

ಶುಕ್ರವಾರ ದೇಶದ ಮ್ಯಾಚು. ಹದ ಕೆಟ್ಟಿದ್ದ ಉದ್ದ ಮೂರು ಸಲ ಬುಟ್ಟಿಯ ಕೆಳಗೇ ತಪ್ಪಿಸಿದ, ಫೌಲು ಮಾಡಿ ಮಾಡಿ ಅರ್ಧಕ್ಕೇ ಹೊರಗೆ ಹೋದ. ಆಟ ಹಿಡಿದು ನಿಲ್ಲಿಸಿದವನು ಕುಳ್ಳ. ಕೊನೆಯ ಹತ್ತು ಸೆಕೆಂಡಿನಲ್ಲಿ ಅವನು ಹಾಕಿದ ಬಾಲಿನಿಂದ ಎರಡು ಪಾಯಿಂಟಿಗೆ ಗೆದ್ದೆವು. ಭಾರತ ವಿಶ್ವಕಪ್ಪಿಗೆ! ನಾನು ಕೂಗಿದ್ದಕ್ಕೆ ಆಳುಗಳು ಹಾವು ಬಂತೇನೋ ಅಂತ ಎದ್ದು ನಿಂತರು.

ಮನೆಗೆ ಬಂದವನೇ ಹೆಂಡತಿಯನ್ನು ಕರೆದೆ. “ಬರ್ಕೋ. ತಮ್ಮ ಆಟಗಾರರನ್ನು ಕೂರಿಸಿ ದೇಶವನ್ನು ಗೆಲ್ಲಿಸಿದ ಎಲ್ಲರಿಗೂ ವಂದನೆ. ಎಲ್ಲರೂ ಮಾತು ಉಳಿಸಿಕೊಂಡಿದ್ದೀರಿ.”

ಅವಳು ಬರೆಯಲಿಲ್ಲ. ಫೋನನ್ನು ಮೊಣಕಾಲ ಮೇಲಿಟ್ಟು ನನ್ನ ಮುಖ ನೋಡಿದಳು.

“ಎಲ್ಲರೂ ಅಂತ ಬರೀಲಾ?”

“ಮತ್ತೆ?”

“ಮಂಗಳವಾರ ನಿಮ್ಮೋನು ನಲವತ್ತೆಂಟು ನಿಮಿಷ ಆಡವ್ನಲ್ಲ. ನಂಗೆ ಲೆಕ್ಕ ಓದಕ್ ಬರಲ್ವಾ? ಆ ಸಾಬ್ರು ನೀವ್ ಕೇಳಿದ್ರಿ ಅಂತ ಕೂರಿಸ್ಲಿಲ್ವಾ?”

“ಫೈನಲ್ ಕಣೇ ಅದು.”

“ಅವ್ರಿಗೂ ಅದು ಫೈನಲ್ಲೇ ಕಣ್ರೀ.”

ಏಳನೇ ಕ್ಲಾಸಿನಲ್ಲಿ ಹೊಡೆತ ತಿಂದಾಗಲೂ ನಾನು ತಲೆ ತಗ್ಗಿಸಿದವನಲ್ಲ. ಆವತ್ತು ಹಟ್ಟಿ ಬಾಗಿಲಲ್ಲಿ ಕೂತು ತಗ್ಗಿಸಿದೆ. ಆಮೇಲೆ ಬೇರೆ ಬರೆಸಿದೆ: ನಿಮ್ಮೆಲ್ಲರನ್ನೂ ಕೇಳಿಕೊಂಡ ನಾನೇ ನನ್ನ ಆಟಗಾರನನ್ನು ಕೂರಿಸಲಿಲ್ಲ, ಗೆಳೆಯನಿಗೆ ಕೊಟ್ಟ ಮಾತು ತಪ್ಪಿ ಕಪ್ಪು ತೆಗೆದುಕೊಂಡೆ. ಅವಳು ಒಂದಕ್ಷರವನ್ನೂ ಮೆತ್ತಗೆ ಮಾಡದೆ ಬರೆದಳು. ಕೆಲವರು ಇರಲಿ ಅಂದರು. ಇನ್ನು ಕೆಲವರು, ಮುಂದಿನ ಸಲ ನಮ್ಮ ಆಟಗಾರನನ್ನು ಕೇಳಬೇಡ ಅಂದರು. ಅವರದು ತಪ್ಪಲ್ಲ.

ಮಾರನೆಯ ದಿನ ಚಿಕ್ಕನಾಯಕನಹಳ್ಳಿಗೆ ಹೋದೆ. ಭಾಯ್ ಒಂದು ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ನನ್ನ ದನಿ ಕೇಳಿಯೂ ಎದ್ದು ಬರಲಿಲ್ಲ.

“ಹದಿನಾರನೇ ನಂಬರ್ ಸ್ಪಾನರ್ ಕೊಡಿ ಮ್ಯಾನೇಜರ್ರೇ.”

ಕೊಟ್ಟೆ.

“ಇದು ಹದಿನೇಳು. ಅದೇನೋ ಸರಿ, ನಂಬರ್ ಬದಲಾಯ್ಸೋದು ನಿಮ್ಗೆ ಅಭ್ಯಾಸ.”

“ಭಾಯ್, ಮ್ಯಾನೇಜರ್‌ಗಿರಿ ಬಿಟ್ಬುಡ್ತೀನಿ.”

ಆಗ ಎದ್ದು ಬಂದ. ಹಣೆಯ ಮೇಲೆ ಆಯಿಲ್ ಸುರಿದಿತ್ತು.

“ಅಹಾ! ಬಿಟ್ಟೋದ್ರೆ ಮುಯ್ಯಿ ತೀರೋಯ್ತದಾ? ಊರಿಗೆಲ್ಲ ಮುಯ್ಯಿ ಮುಯ್ಯಿ ಅಂತ ಭಾಷಣ ಮಾಡ್ದೋನು ನೀನು. ನನ್ ಹೊಲ ಹಂಗೇ ಬಿದ್ದದೆ, ನೀನು ಕುಡುಗೋಲು ಬಿಸಾಕಿ ಮನೆಗೋಯ್ತೀನಿ ಅಂತೀಯ. ಅದಾಗಲ್ಲ ಕಣ್ಲಾ.”

“ಏನ್ ಮಾಡ್ಲಿ ಹೇಳು.”

“ಬರೋ ಸೀಸನ್ ಪೂರ್ತಿ ನನ್ ಎದುರಾಳಿಗಳ್ನ ನೀನೇ ಓದ್ಬೇಕು. ಒಬ್ಬನ್ನೂ ಬಿಡಂಗಿಲ್ಲ. ಪ್ರತಿ ಮ್ಯಾಚಿಗೂ ಚೀಟಿ ಬರ್ಬೇಕು.”

ಒಪ್ಪಿಕೊಂಡೆ. ಎಷ್ಟು ಸುಲಭಕ್ಕೆ ಬಿಟ್ಟ ಅಂತಲೂ ಅನ್ನಿಸಿತು. ಹಾಗೆ ಅನ್ನಿಸಿದ್ದೇ ನನ್ನ ದಡ್ಡತನ.

ಸೀಸನ್ ಶುರುವಾಯಿತು. ಭಾನುವಾರ ಭಾನುವಾರ ಚೀಟಿ ಬರೆದೆ, ಕನ್ನಡದಲ್ಲೇ, ಕಾರ್ಬನ್ನು ಮೆತ್ತಿದ ಅವನ ಶೆಡ್ಡಿನ ಬೆಂಚಿನ ಮೇಲೆ ಕೂತು. ಅವನು ಟೀ ತರಿಸುತ್ತಿದ್ದ. ಬಯ್ಯುತ್ತಲೂ ಇದ್ದ, ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ. ಅವನ ಕ್ಲಬ್ ಗೆಲ್ಲುತ್ತಾ ಹೋಯಿತು, ನನಗೆ ಒಳಗೊಳಗೇ ಹೆಮ್ಮೆ. ಆದರೆ ಆ ಸೀಸನ್ನಿನಲ್ಲಿ ಕುಳ್ಳನನ್ನು ಕೂರಿಸು ಅಂತ ನಾನು ಒಂದು ಸಲವೂ ಕೇಳಲಿಲ್ಲ. ದೇಶದ ತಂಡದ ಸಣ್ಣಪುಟ್ಟ ಮ್ಯಾಚುಗಳಿಗೆ ಕುಳ್ಳ ಹದಗೆಟ್ಟೇ ಬಂದ, ಹಾಗೇ ಆಡಿಸಿದೆ. ಕೇಳಲು ಬಾಯಿ ಬರಲಿಲ್ಲ.

ಕೊನೆಯ ವಾರಕ್ಕೆ ಮುಂಚೆ ಭಾಯ್ ಟೀ ಲೋಟ ಮುಂದಿಟ್ಟು ಹೇಳಿದ, “ಕೊನೇ ಎದುರಾಳಿ ಯಾರು ಗೊತ್ತಲ್ಲ?”

ಗೊತ್ತಾಯಿತು. ನಾನೇ. ಒಬ್ಬನನ್ನೂ ಬಿಡುವ ಹಾಗಿಲ್ಲ ಅಂತ ಅವನು ಅಂದಿದ್ದ.

ಅಷ್ಟು ಕಷ್ಟದ ಚೀಟಿ ನಾನು ಬರೆದಿಲ್ಲ. ಎರಡು ಸಲ ಬರೆದು ಹರಿದೆ. ಮೊದಲನೆಯದನ್ನು ನೋಡಿ ನನ್ನ ಹೆಂಡತಿ, “ಇದ್ರಲ್ಲಿ ನಿಮ್ ಟೀಮು ದೇವರ ಟೀಮು ಇದ್ದಂಗದೆ,” ಅಂದಳು. ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆದೆ. ಉದ್ದ ಮೂರನೇ ಭಾಗಕ್ಕೆ ಸುಸ್ತಾಗುತ್ತಾನೆ, ಆಗ ಚೆಂಡನ್ನು ಒಳಕ್ಕೆ ತೆಗೆದುಕೊಂಡು ಹೋಗು. ಅವನ ಬದಲಿಗೆ ಬರುವವನು ದಂಡ. ದೂರದಿಂದ ಎಸೆಯುವವರಿಗೆ ನಮ್ಮವರು ಅಡ್ಡ ಹೋಗುವುದಿಲ್ಲ. ಕಾಗದದ ಕೆಳಗೆ ಜಾಗ ಉಳಿದಿತ್ತು, ಇದನ್ನೂ ಸೇರಿಸಿದೆ: ಈ ತಂಡದ ಮ್ಯಾನೇಜರು ಕಪ್ಪು ಕಂಡರೆ ಮಾತು ಮರೆಯುತ್ತಾನೆ.

ಭಾಯ್ ಓದಿದ. ತಲೆಯೆತ್ತದೆ, “ಈ ಕೊನೇದು ನಂಗೆ ಗೊತ್ತಿತ್ತು ಕಣಪ್ಪ,” ಅಂದ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆ ಮ್ಯಾಚನ್ನು ಇಬ್ಬರೂ ಶೆಡ್ಡಿನಲ್ಲೇ ಕೂತು ಒಂದೇ ಫೋನಿನಲ್ಲಿ ನೋಡಿದೆವು. ಮೂರನೇ ಭಾಗದಲ್ಲಿ ಕುಳ್ಳ ಒಳಕ್ಕೆ ನುಗ್ಗಿದ, ಮತ್ತೆ ಮತ್ತೆ ನುಗ್ಗಿದ. ಉದ್ದ ಏದುಸಿರು ಬಿಡುತ್ತಾ ಹೊರಗೆ ಹೋದ, ದಂಡ ಬಂದ, ದಂಡನ ಕೆಲಸ ಮಾಡಿದ. ಒಂಬತ್ತು ಪಾಯಿಂಟಿಗೆ ಸೋತೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಚೀಟಿಯ ಒಂದು ಸಾಲೂ ತಪ್ಪಿರಲಿಲ್ಲ, ಅದನ್ನೂ ಹೇಳಬೇಕು.

“ಚೀಟಿ ಚೆನ್ನಾಗಿತ್ತು,” ಅಂದ ಭಾಯ್. “ಆ ಮ್ಯಾನೇಜರ್‌ಗೂ ಯಾರಾದ್ರೂ ಹಿಂಗ್ ಬರ್ಕೊಟ್ಟಿದ್ರೆ ಗೆಲ್ತಿದ್ನೇನೋ ಪಾಪ.”

ಮುಂದಿನ ಶುಕ್ರವಾರ ವಿಶ್ವಕಪ್ಪಿನ ಮೊದಲ ಮ್ಯಾಚು ಇತ್ತು, ಅದೇ ವಾರದ ಮಂಗಳವಾರ ಹೊಸ ಸೀಸನ್ನಿನ ಮೊದಲ ಕ್ಲಬ್ ಮ್ಯಾಚು. ಅದು ಅವನಿಗೂ ಗೊತ್ತು. ನಾನು ಲೋಟ ತಿರುಗಿಸುತ್ತಾ ಕೂತೆ. ಅವನು ಕೈ ಒರೆಸಿಕೊಳ್ಳುವ ಬಟ್ಟೆಯಿಂದ ಫೋನಿನ ಗಾಜು ಒರೆಸಿದ, ಮತ್ತೆ ಒರೆಸಿದ.

“ಭಾಯ್, ಕುಳ್ಳ…”

“ಕುಳ್ಳ ಏನು?”

“ಏನಿಲ್ಲ.”

“ಏನಿಲ್ಲ ಅಂದ್ರೆ ಏನಿಲ್ಲ. ಬಾಯ್ಬಿಟ್ಟು ಕೇಳೋ. ಕೇಳ್ದಲೆ ನಾನ್ ಹೆಂಗ್ ಕೂರಿಸ್ಲಿ?”

ಕೇಳಿದೆ. ಅವನ ಮುಂದೆಯೇ ಫೋನು ತೆಗೆದು ಮೊದಲು ಉದ್ದನಿಗೆ ಹನ್ನೆರಡು ಹಾಕಿದೆ, ಆಮೇಲೆ ಕೇಳಿದೆ.