ಅವ್ವನ ಹೆಬ್ಬೆಟ್ಟು, ನನ್ನ ಸಹಿ

ರಾಯಚೂರಿನಲ್ಲಿ ನಿವೃತ್ತನಾಗಿ ಕೂತ ನನ್ನನ್ನು ಯಾರಾದರೂ ಭಾಷಣಕ್ಕೆ ಕರೆದು, ಶಾಂತಿಯಿಂದ ಪ್ರತಿಭಟಿಸುವ ಹಕ್ಕಿನ ಬಗ್ಗೆ ನಾಲ್ಕು ಮಾತಾಡಿ ಅಂದರೆ, ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಹೊಟ್ಟೆ ನೆಟ್ಟಗೇ ಇದೆ. ಆ ವಿಷಯದಲ್ಲಿ ಬಾಯಿ ತೆರೆಯುವ ಯೋಗ್ಯತೆ ಮಾತ್ರ ನನಗಿಲ್ಲ.

ನಾನು ದೇವದುರ್ಗದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ಶಾಲೆಯೊಂದರಲ್ಲಿ ಮಾಸ್ತರನಾದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಅಕ್ಕಿ ಮಿಲ್ಲಿನ ಹಿಂದಿನ ಓಣಿಯಲ್ಲಿ. ಮಿಲ್ಲಿನವರು ಭತ್ತ ಕುದಿಸಲು ಹೊಟ್ಟು ಸುಡುತ್ತಿದ್ದರು. ಅದರ ಕರಿ ಬೂದಿ ಗಾಳಿಗೆ ಎದ್ದು ಇಡೀ ಓಣಿಯ ಮೇಲೆ ಸುರಿಯುತ್ತಿತ್ತು. ರೊಟ್ಟಿ ಹಿಟ್ಟಿನಲ್ಲಿ ಬೂದಿ, ಕೊಡದ ನೀರಿನಲ್ಲಿ ಬೂದಿ. ಮಕ್ಕಳು ಕಣ್ಣು ಬಾತುಕೊಂಡು ಶಾಲೆಗೆ ಬರುತ್ತಿದ್ದರು.

ನನ್ನ ಎದುರು ಮನೆಯ ಅವ್ವ ಕುರಿ ಸಾಕುವ ಮನೆತನದವಳು, ನನ್ನ ತಾಯಿಯ ವಯಸ್ಸು. ಗಂಡಸರು ಕುರಿ ಹೊಡೆದುಕೊಂಡು ಚೀಕಲಪರ್ವಿಯ ಹೊಳೆದಂಡೆಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹೀಗಾಗಿ ಓಣಿಯ ಜಗಳ, ಮದುವೆ, ಸಾವು ಎಲ್ಲಕ್ಕೂ ಆಕೆಯೇ ಮುಂದು. ತಹಸೀಲ್ದಾರರ ಕಚೇರಿಗೆ ಹೆಂಗಸರೆಲ್ಲ ಮೆರವಣಿಗೆ ಹೋಗುವುದೆಂದು ಹೊರಡಿಸಿದವಳೂ ಆಕೆಯೇ.

"ಹಂಗ ಹೋಗಾಕ ಬರಂಗಿಲ್ಲ ಯವ್ವಾ, ಪೊಲೀಸರ ಪರವಾನಗಿ ಬೇಕು" ಅಂದೆ ನಾನು, ಕಾಯಿದೆಯೆಲ್ಲ ಅರೆದು ಕುಡಿದವನ ಹಾಗೆ.

ಅರ್ಜಿ ನಾನೇ ಬರೆದೆ. ಸರ್ಕಾರಿ ನೌಕರ ಎಂದು ಹೇಳಿ ಮೆರವಣಿಗೆಯ ಜವಾಬ್ದಾರಿಗೆ ನನ್ನ ಹೆಸರು ಮಾತ್ರ ಕೊಡಲಿಲ್ಲ. ಜವಾಬ್ದಾರರು ಎಂಬಲ್ಲಿ ಅವ್ವ ಹೆಬ್ಬೆಟ್ಟು ಒತ್ತಿದಳು. ಓದು ಬಾರದವರ ಹೆಬ್ಬೆಟ್ಟಿನ ಕೆಳಗೆ, ಬರೆದವನು ‘ಓದಿ ಹೇಳಿದ್ದೇನೆ, ಒಪ್ಪಿರುತ್ತಾರೆ’ ಎಂದು ಬರೆದು ಸಹಿ ಹಾಕುವುದು ಆಗಿನ ಪದ್ಧತಿ. ಆ ಸಾಲಿಲ್ಲದೆ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ನನಗೋ ಆ ಸಾಲು ಬರೆಯುವುದೆಂದರೆ ದೊಡ್ಡ ಜಂಬ.

ಪರವಾನಗಿಯ ಕಾಗದ ಶನಿವಾರ ಬಂತು. ನಾನು ದೇವದುರ್ಗದ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದೆ. ಮೇಲಿನ ಎರಡು ಸಾಲು ನೋಡಿ, "ಸಿಕ್ಕದ ಯವ್ವಾ, ಸೋಮವಾರ ಹೋಗ್ರಿ" ಎಂದು ಕಾಗದ ಅವಳ ಕೈಗಿಟ್ಟು ಓಡಿದೆ. ಮಿಲ್ಲಿನ ರಸ್ತೆಯಲ್ಲಿ ಹೋಗಕೂಡದು ಎಂಬ ಷರತ್ತು ಕೆಳಗಿತ್ತು. ಸೋಮವಾರ ಅವರು ಆ ರಸ್ತೆಯಲ್ಲೇ ಹೋದರು. ಬೂದಿ ಬರುವುದೇ ಅಲ್ಲಿಂದ, ಮತ್ತೆಲ್ಲಿ ಹೋಗುತ್ತಾರೆ? ಪೊಲೀಸರು ಮೆರವಣಿಗೆ ಚದುರಿಸಿ, ಜವಾಬ್ದಾರಳೆಂದು ಅವ್ವನನ್ನು ಠಾಣೆಗೆ ಕರೆದೊಯ್ದರು.

ಮಧ್ಯಾಹ್ನ ಫೌಜದಾರರು ನನ್ನನ್ನೂ ಶಾಲೆಯಿಂದ ಕರೆಸಿದರು. ನಮ್ಮ ಕಡೆ ಸಬ್ ಇನ್ಸ್‌ಪೆಕ್ಟರರನ್ನು ಹಾಗೆ ಕರೆಯುವುದು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಷರತ್ತು ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಲಿಲ್ಲ. ನಾನೂ ಆ ಮಾತು ತೆಗೆಯಲಿಲ್ಲ.

"ಅರ್ಜಿ ಬರದಾಂವ ನೀನ ಅಲ್ಲ? ಮುಚ್ಚಳಿಕೀನೂ ನೀನ ಬರಿ" ಅಂದರು ಫೌಜದಾರರು. ಇನ್ನು ಮುಂದೆ ಯಾವ ಮೆರವಣಿಗೆಯಲ್ಲೂ ಸೇರುವುದಿಲ್ಲ, ಸೇರಿದರೆ ಯಾವ ಕ್ರಮಕ್ಕೂ ಸಿದ್ಧ ಎಂದು ಹೇಳಿ ಬರೆಸಿದರು. ರಸ್ತೆ ತಪ್ಪಿದ್ದಕ್ಕೆ ಜನ್ಮವಿಡೀ ಬಾಯಿ ಕಟ್ಟುವುದು ಅನ್ಯಾಯ ಎಂದು ನನಗೆ ಗೊತ್ತಿತ್ತು. ನನ್ನ ನೌಕರಿ ಕಾಯಂ ಆಗಿಲ್ಲ ಎಂಬುದೂ ಗೊತ್ತಿತ್ತು. ಬರೆದೆ.

"ಏನ್ ಬರದೀರಿ ಮಾಸ್ತರ್ರ?"

"ಏನಿಲ್ಲ ಯವ್ವಾ. ಇನ್ನೊಮ್ಮಿ ಮಿಲ್ಲಿನ ರಸ್ತಾದಾಗ ಹೋಗಂಗಿಲ್ಲ ಅಂತ."

"ಅಷ್ಟ ಅಂದ್ರ ಆತು ಬಿಡ್ರಿ" ಎಂದು ಹೆಬ್ಬೆಟ್ಟು ಒತ್ತಿದಳು. ನಿಜ ಹೇಳಿದ್ದರೆ ಆಕೆ ಒತ್ತುತ್ತಿರಲಿಲ್ಲ. ಒತ್ತದಿದ್ದರೆ ಅವಳನ್ನು ಬಿಡುತ್ತಿರಲಿಲ್ಲ, ಅವಳ ಒಳ್ಳೆಯದಕ್ಕೇ ಸುಳ್ಳು ಹೇಳಿದೆ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅದೂ ಸುಳ್ಳೇ. ನನಗೆ ಠಾಣೆಯಿಂದ ಬೇಗ ಹೊರಗೆ ಬರಬೇಕಾಗಿತ್ತು. ಕೆಳಗೆ ‘ಓದಿ ಹೇಳಿದ್ದೇನೆ, ಒಪ್ಪಿರುತ್ತಾರೆ’ ಎಂದು ಬರೆದು ಸಹಿ ಹಾಕಿದೆ.

ಬೂದಿ ನಿಲ್ಲಲಿಲ್ಲ. ಮರುವರ್ಷ ಬೇಸಿಗೆಗೆ ಮುಂಚೆ ಹೆಂಗಸರು ಮತ್ತೆ ಎದ್ದರು. ಈ ಸಲದ ಅರ್ಜಿಗೆ ಬೇರೊಬ್ಬಳ ಹೆಬ್ಬೆಟ್ಟು. ಷರತ್ತುಗಳನ್ನು ಒಂದೂ ಬಿಡದೆ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ಮುಚ್ಚಳಿಕೆಯ ವಿಷಯ ಮಾತ್ರ ನುಂಗಿಕೊಂಡೆ. ಫೌಜದಾರರು ಮರೆತಿರಬಹುದು ಎಂದುಕೊಂಡಿದ್ದೆ.

ಮೆರವಣಿಗೆ ಪರವಾನಗಿ ಇದ್ದ ಬಜಾರಿನ ರಸ್ತೆಯಲ್ಲೇ ಬಂತು. ಎಲ್ಲರಿಗಿಂತ ಮುಂದೆ ಅವ್ವ. ನಾನು ನಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದೆ. ನನ್ನ ಕಾಯಂ ಆದೇಶ ಬಂದು ತಿಂಗಳೂ ಆಗಿರಲಿಲ್ಲ. ಫೌಜದಾರರು ಉಳಿದವರನ್ನು ಬಿಟ್ಟು ಆಕೆಯೊಬ್ಬಳನ್ನೇ ತಡೆದು ಆ ಕಾಗದ ತೆಗೆದರು.

"ಮೆರವಣಿಗಿಗೆ ಬರಂಗಿಲ್ಲಂತ ಬರಕೊಟ್ಟೀದಿ. ಮತ್ಯಾಕ ಬಂದಿ?"

"ನಾ ಹಂಗ ಬರಕೊಟ್ಟಿಲ್ರಿ. ಮಿಲ್ಲಿನ ರಸ್ತಾದಾಗ ಹೋಗಂಗಿಲ್ಲಂತ ಅಷ್ಟ. ಮಾಸ್ತರ್ರ ಓದಿ ಹೇಳ್ಯಾರ. ಅವ್ರು ಸುಳ್ಳ ಹೇಳೋರಲ್ಲ. ಅಲ್ಲೇ ನಿಂತಾರ, ಕೇಳ್ರಿ ಬೇಕಾದ್ರ."

ಇಡೀ ಮೆರವಣಿಗೆ ನನ್ನ ಕಡೆ ತಿರುಗಿತು. ಫೌಜದಾರರು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಓದಿ ಹೇಳೀಯೋ ಇಲ್ಲೋ?" ಅಂದರು. ಇಲ್ಲ ಅಂದಿದ್ದರೆ ಅವಳು ಮೆರವಣಿಗೆಯಲ್ಲಿ ಮುಂದೆ ನಡೆಯಬಹುದಿತ್ತು. ಸುಳ್ಳು ಸಹಿಗೆ ನನ್ನ ನೌಕರಿ ಹೋಗಬಹುದಿತ್ತು.

"ಹೇಳೀನ್ರಿ" ಅಂದೆ. "ಎಲ್ಲಾ ಓದಿ ಹೇಳೀನಿ."

ಅವ್ವ ನನ್ನ ಮುಖ ನೋಡಿದಳು. ಆಕೆಗೆ ಆಗಲೇ ಎಲ್ಲವೂ ತಿಳಿಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಬೈದಿದ್ದರೆ, ಬೂದಿ ತೂರಿದ್ದರೆ ಇಷ್ಟು ವರ್ಷ ನಾನು ಹೀಗೆ ಬೇಯುತ್ತಿರಲಿಲ್ಲ. ಆಕೆ ಸೆರಗು ತಲೆಯ ಮೇಲೆಳೆದುಕೊಂಡು ಫೌಜದಾರರಿಗೆ ಹೇಳಿದಳು:

"ಹೌದ್ರಿ ಸಾಹೇಬ್ರ. ಮಾಸ್ತರ್ರು ಹೇಳಿದ್ರು. ನನಗ ಮರ್ತು ಹೋಗಿತ್ತು."

ಆಮೇಲೆ ಸಾಲಿನಿಂದ ಹೊರಗೆ ಬಂದು ಒಬ್ಬಳೇ ಮನೆಯ ಕಡೆ ನಡೆದಳು.